ಜಿಂಕೆಗೊಂದು ಫ್ಯಾಮಿಲಿ ರೂಮು

ಅಣ್ಣ ತೀರಿಕೊಂಡ ಸುದ್ದಿ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ಕೈಮುಗಿದ ಚಿತ್ರಗಳು ಒಂದರ ಕೆಳಗೊಂದು ಬೀಳತೊಡಗಿದವು. ಓಂ ಶಾಂತಿ, ಓಂ ಶಾಂತಿ, ಭಾವಪೂರ್ಣ ಶ್ರದ್ಧಾಂಜಲಿ. ಅದರ ಬೆನ್ನಿಗೇ ಸಿ ವಿಂಗಿನವರೊಬ್ಬರು ಕೇಳಿದರು: ‘ಹಾಗಾದರೆ ಇನ್ನು ಹುಲ್ಲು ಕತ್ತರಿಸಬಹುದೇ?’ ಅದನ್ನು ಓದಿ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಅಣ್ಣ ಇದ್ದಿದ್ದರೆ ತಾವೇ ಮೊದಲು ನಗುತ್ತಿದ್ದರು, ಆಮೇಲೆ ಸಿ ವಿಂಗಿಗೆ ಹೋಗಿ ಆ ಮನುಷ್ಯನ ಬಾಗಿಲು ಬಡಿಯುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಳವಾ ಸ್ಟೇಷನ್ನಿನ ಹೊರಗೆ, ಲೋಕಲ್ ರೈಲಿನ ಕಾರ್‌ಶೆಡ್ಡಿನ ಕೆಲಸಗಾರರು ಓಡಾಡುವ ದಾರಿಯಲ್ಲಿ ಅವರದೊಂದು ಉಡುಪಿ ಹೋಟೆಲು. ಈಗ ಅದನ್ನು ಅವರ ತಮ್ಮ ನಡೆಸುತ್ತಾರೆ. ಇದನ್ನೋದಿ ಅವರು ಮುನಿಸಿಕೊಂಡರೆ ನನ್ನ ಬೆಳಗಿನ ಕಾಫಿಗೆ ಕುತ್ತು. ಹೇಗಿದ್ದರೂ ಮುಂಬಯಿಯಲ್ಲಿ ಗಲ್ಲೆಯ ಹಿಂದೆ ಕೂತ ಕರಾವಳಿಯ ಗಂಡಸಿಗೆಲ್ಲ ಒಂದೇ ಹೆಸರು, ಅಣ್ಣ.

ನಾನು ಧಾರವಾಡದ ಕಡೆಯವನು, ಬ್ಯಾಂಕಿನ ನೌಕರಿಗೆಂದು ಬಂದು ಇಲ್ಲೇ ಉಳಿದವನು. ಅವರ ಹೋಟೆಲಿನಲ್ಲಿ ಮೊದಲ ಸಲ ತಿಂಡಿ ತಿಂದ ದಿನ ಅರ್ಧ ವಡೆ ಬಿಟ್ಟು ಎದ್ದಿದ್ದೆ. ಅಣ್ಣ ಗಲ್ಲೆ ಬಿಟ್ಟು ಬಂದು ಅಡ್ಡ ನಿಂತರು. ‘‘ಎಂತ ಮಾರಾಯ್ರೆ, ವಡೆ ಸರಿ ಇಲ್ವಾ, ಹೊಟ್ಟೆ ಸರಿ ಇಲ್ವಾ? ವಡೆ ಸರಿ ಇಲ್ಲದಿದ್ರೆ ನನ್ನ ತಪ್ಪು. ಹೊಟ್ಟೆ ಸರಿ ಇಲ್ಲದಿದ್ರೆ ನೀವು ಬಂದದ್ದೇ ತಪ್ಪು.’’ ನಾನು ಮತ್ತೆ ಕೂತು ಉಳಿದ ಅರ್ಧವನ್ನು ಮುಗಿಸಿದೆ. ಗಿರಾಕಿ ಎಲೆಯಲ್ಲಿ ಬಿಟ್ಟು ಎದ್ದರೆ ಅವರಿಗೆ ಯಾರೋ ಕಪಾಳಕ್ಕೆ ಹೊಡೆದಷ್ಟು ಅವಮಾನ.

ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಠಾಣೆಯಲ್ಲಿ ಯೇವೂರು ಗುಡ್ಡದ ಬುಡದ ನಮ್ಮ ಸೊಸೈಟಿಗೆ ಬಂದು ನೆಲೆಸಿದ ಮೇಲೆ ನಮ್ಮೆಲ್ಲರ ಗ್ರಹಚಾರ ಕೆಟ್ಟಿತು. ಗಲ್ಲೆ ಇಲ್ಲದ ಅಣ್ಣ ಗೇಟಿನಲ್ಲಿ ನಿಂತರು. ಒಳಗೆ ಬರುವವರ ಕೈಚೀಲ ಇಣುಕಿ ನೋಡಿ, ‘‘ಈ ಬದನೆಕಾಯಿ ನಿಮಗೆ ಯಾರು ಕೊಟ್ಟದ್ದು? ಶತ್ರುವಾ?’’ ಎನ್ನುತ್ತಿದ್ದರು. ನಮ್ಮ ಸೆಕ್ರೆಟರಿ ಬೆಂಗಳೂರಿನ ಐಟಿ ಹುಡುಗ, ತಟ್ಟೆಯ ಫೋಟೊ ತೆಗೆಯದೆ ಊಟ ಮಾಡುವವನಲ್ಲ. ಅವನಿಗೆ ಹೇಳಿದ್ದರು, ‘‘ನೀನು ಫೋಟೊ ತೆಗಿಯುವಷ್ಟರಲ್ಲಿ ದೋಸೆ ಸತ್ತು ಹೋಗ್ತದೆ. ಅದು ಹೆಣದ ಫೋಟೊ.’’ ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮಾತು ಕಡಿಮೆ. ಗಂಡನ ಬಗ್ಗೆ ಅವರ ಅಭಿಪ್ರಾಯ ಒಂದೇ ಸಾಲಿನದು: ‘‘ಇವರಿಗೆ ರಿಟೈರ್ ಆಯ್ತು, ಬಾಯಿಗೆ ಆಗ್ಲಿಲ್ಲ.’’

ನಮ್ಮ ವಿಂಗಿನ ಹಿಂದೆ, ಕಾಡಿನ ಗೋಡೆಯವರೆಗೆ, ಎರಡು ಮದುವೆ ಮಂಟಪ ಹಿಡಿಸುವಷ್ಟು ಜಾಗ ಇದೆ. ಬಿಲ್ಡರ್ ಅಲ್ಲಿ ಎಲ್ಲಿಯದೋ ಲಾನ್ ಹಾಸಿ ‘ಗಾರ್ಡನ್’ ಎಂದು ಬೋರ್ಡು ನಿಲ್ಲಿಸಿದ್ದ. ಅದು ಟ್ಯಾಂಕರ್ ನೀರು ಕುಡಿದು ಬದುಕಿತ್ತು. ಒಂದು ದಿನ ಬೆಳಗಿನ ಜಾವ ಅಣ್ಣ ತಮ್ಮ ಬಾಲ್ಕನಿಯಿಂದ ಮೇಲಿನ ಮಹಡಿಯ ನನ್ನನ್ನು ಕೂಗಿದರು. ನೋಡಿದರೆ ಗೋಡೆ ಒಡೆದ ಕಡೆಯಿಂದ ಒಂದು ಹೆಣ್ಣು ಚುಕ್ಕೆ ಜಿಂಕೆ ಲಾನಿಗೆ ಬಂದಿತ್ತು, ಬಸುರಿ. ಒಂದು ಬಾಯಿ ಹುಲ್ಲು ಕಿತ್ತುಕೊಳ್ಳುವುದು, ತಲೆ ಎತ್ತಿ ಕಿವಿ ನಿಮಿರಿಸುವುದು, ಮತ್ತೊಂದು ಬಾಯಿ. ಅಷ್ಟರಲ್ಲಿ ಹಾಲಿನವನ ಸ್ಕೂಟರ್ ಹಾರನ್ ಹೊಡೆಯಿತು. ಜಿಂಕೆ ಬಂದ ದಾರಿಯಲ್ಲೇ ಮಾಯವಾಯಿತು.

‘‘ಕೂತ ಗಿರಾಕಿ ಎದ್ದು ಹೋಯ್ತಲ್ಲ ಮಾರಾಯ್ರೆ!’’ ಎಂದರು ಅಣ್ಣ. ಆ ಇಡೀ ದಿನ ಅವರ ಮುಖ ಗಂಟು.

ಮರುದಿನ ಗೋಡೆಯ ಬಳಿ ಸಿಕ್ಕ ಫಾರೆಸ್ಟ್ ಗಾರ್ಡನ್ನು ಹಿಡಿದು ವಿಚಾರಿಸಿದರು. ಆತ ಮರಾಠಿಯವನು, ಗುಡ್ಡದಲ್ಲಿ ದಿನವೂ ಓಡಾಡುವವನು. ಜಿಂಕೆ ತಿನ್ನುವುದು ಗಿಡ್ಡ ಹುಲ್ಲನ್ನೇ ಇರಬಹುದು, ಆದರೆ ಮರಿ ಹಾಕಿದ ಮೇಲೆ ಅದನ್ನು ಬಚ್ಚಿಡಲು ಆಳೆತ್ತರದ ಹುಲ್ಲು ಬೇಕು ಎಂದ. ಮರಿಗೆ ಓಡುವ ಶಕ್ತಿ ಬರುವವರೆಗೆ ತಾಯಿ ಅದನ್ನು ಹುಲ್ಲಿನಲ್ಲಿ ಮಲಗಿಸಿ ಮೇಯಲು ಹೋಗುತ್ತದೆ, ಹಾಲೂಡಿಸಲು ಮಾತ್ರ ಬರುತ್ತದೆ. ಗುಡ್ಡದ ಬುಡದಲ್ಲಿ ಹಿಂದೆ ಅಂಥ ಹುಲ್ಲು ಬೇಕಾದಷ್ಟಿತ್ತು. ಈಗ ಅಲ್ಲಿ ನಮ್ಮ ಬಿಲ್ಡಿಂಗುಗಳಿವೆ.

ಅಣ್ಣನ ಮುಖ ಬೆಳಗಿತು. ‘‘ಅಂದ್ರೆ ಫ್ಯಾಮಿಲಿ ರೂಮು!’’

ಈಗಿನವರಿಗೆ ಅದು ಗೊತ್ತಿರಲಿಕ್ಕಿಲ್ಲ. ಹಳೆಯ ಉಡುಪಿ ಹೋಟೆಲುಗಳಲ್ಲಿ ಹಿಂಬದಿಗೆ ಮರದ ಹಲಗೆ ಕಟ್ಟಿ, ಪರದೆ ಇಳಿಬಿಟ್ಟು, ಮೇಲೆ ‘ಫ್ಯಾಮಿಲಿ’ ಎಂದು ಬರೆದಿರುತ್ತಿದ್ದರು. ಹೆಂಗಸರು ಮಕ್ಕಳು ಅಲ್ಲಿ ಕೂತು ಯಾರ ಕಣ್ಣಿಗೂ ಬೀಳದೆ ತಿನ್ನಬಹುದಿತ್ತು. ಪರದೆ ಎಳೆದಿದ್ದರೆ ಮಾಣಿಯೂ ಹೊರಗಿನಿಂದಲೇ ಕೇಳಬೇಕು. ಕಳವಾ ಸ್ಟೇಷನ್ನಿನ ಹೋಟೆಲಿನಲ್ಲಿ ಕೊನೆಯವರೆಗೂ ಆ ಪರದೆಯನ್ನು ತೆಗೆಯಲು ಅಣ್ಣ ಬಿಟ್ಟಿರಲಿಲ್ಲ. ‘‘ಊಟ ಎಲ್ಲಾ ಕಡೆ ಸಿಗ್ತದೆ. ಮಗುವಿಗೆ ಹಾಲು ಕೊಡ್ಲಿಕ್ಕೆ ಜಾಗ ಎಲ್ಲಿ ಸಿಗ್ತದೆ?’’ ಎಂದು ಕೇಳುತ್ತಿದ್ದರು.

ಲಾನ್ ಕಿತ್ತು ಹುಲ್ಲು ಬೆಳೆಸುವ ಪ್ರಸ್ತಾಪ ಸೊಸೈಟಿಯ ಸಭೆಗೆ ಬಂತು. ಸೆಕ್ರೆಟರಿ ಹೌಹಾರಿದ. ‘‘ಅಂಕಲ್, ಲಾನ್ ತೆಗೆದು ಹುಲ್ಲು ಬೆಳೆಸೋದಾ? ಲಾನ್ ಅಂದ್ರೇನೇ ಹುಲ್ಲಲ್ವಾ? ಬೇಸಿಕಲಿ ಹಾವು ಬರತ್ತೆ ಅಂಕಲ್.’’

‘‘ಹಾವು ಈಗಲೂ ಉಂಟು. ಕಮಿಟಿಯಲ್ಲಿ ಇಲ್ಲ ಅಂತ ಗ್ಯಾರಂಟಿ ಕೊಡ್ಲಿಕ್ಕೆ ಆಗುದಿಲ್ಲ.’’

ಕಮಿಟಿಯವರು ಏಳುವ ಮೊದಲೇ ಅಣ್ಣ ಹೋಟೆಲಿನಿಂದ ತರಿಸಿದ್ದ ಗೋಳಿಬಜೆಯ ಬುಟ್ಟಿಯನ್ನು ಮುಂದಿಟ್ಟರು. ಬಿಸಿ ಗೋಳಿಬಜೆ ಬಾಯಲ್ಲಿರುವಾಗ ಯಾರಿಗೂ ವಿರೋಧಿಸಲು ಬರುವುದಿಲ್ಲ. ಬೇಡ ಎನ್ನಲು ಹೋದವರೂ ತಲೆ ಆಡಿಸಿದಂತೆ ಕಂಡರು. ಪ್ರಸ್ತಾಪ ಪಾಸಾಯಿತು.

ಮೊದಲ ವರ್ಷ ಆದದ್ದನ್ನು ನೆನೆದರೆ ಈಗಲೂ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಶಹಾಡಿನಾಚೆಯ ಒಂದು ದಿಬ್ಬದಿಂದ ಗುಡ್ಡದ ಹುಲ್ಲಿನ ಬುಡಗಳನ್ನು ಟೆಂಪೊದಲ್ಲಿ ತರಿಸಿದರು. ದಿವಾದಿಂದ ಡೊಂಬಿವಲಿಯವರೆಗೆ ಇದ್ದ ತಮ್ಮ ಹಳೆಯ ಹೋಟೆಲ್ ಗೆಳೆಯರನ್ನೆಲ್ಲ ಭಾನುವಾರ ಕರೆದರು. ಇವರೆಲ್ಲ ಹುಡುಗರಾಗಿದ್ದಾಗ ಊರಿನ ಗದ್ದೆಯಲ್ಲಿ ನೇಜಿ ನೆಟ್ಟು, ಅಂದರೆ ಭತ್ತದ ಸಸಿಯನ್ನು ಕೆಸರಿಗಿಳಿಸಿ ಬಂದವರು. ನೆಡುವುದು ಎಂದರೆ ಅವರಿಗೆ ಅದೊಂದೇ ಗೊತ್ತು. ಜಾಗವನ್ನು ಉತ್ತು, ಸುತ್ತ ಬದು ಕಟ್ಟಿ, ಮಳೆನೀರು ನಿಲ್ಲಿಸಿ, ಕೆಸರು ಮಾಡಿ, ಪಂಚೆ ಎತ್ತಿಕಟ್ಟಿ, ತುಳುವಿನಲ್ಲಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಸಾಲು ಹಿಡಿದು ನೆಟ್ಟರು. ಮೊಣಕಾಲವರೆಗೆ ಕೆಸರಾದ ಆ ಮುದುಕರ ಖುಷಿ ನೋಡಬೇಕಿತ್ತು. ಸೆಕ್ರೆಟರಿ ರೀಲ್ ಮಾಡಿದ. ಸಾಲು ದಾರ ಹಿಡಿದಷ್ಟು ನೇರವಾಗಿತ್ತು.

ಹುಲ್ಲು ಹಳದಿಯಾಯಿತು, ಆಮೇಲೆ ಕೊಳೆತು ನಾರಿತು. ಗೋಡೆಯ ಮೇಲೆ ಕೂತು ನೋಡಿದ ಗಾರ್ಡ್, ‘‘ಅಣ್ಣಾ, ಹೇ ಭಾತ್ ನಾಹೀ!’’ ಎಂದು ಬಿದ್ದುಬಿದ್ದು ನಕ್ಕ. ಇದೇನು ಭತ್ತವೇ, ಗುಡ್ಡದ ಹುಲ್ಲಿನ ಕಾಲಡಿ ನೀರು ನಿಂತರೆ ಅದು ಬದುಕುವುದುಂಟೇ ಎಂದು ಕೇಳಿದ. ನಾನು ಅಣ್ಣನನ್ನು ಕೆಣಕಿದೆ, ‘‘ಏನ್ರಿ ಅಣ್ಣಾ, ನಿಮ್ಮೂರಾಗ ಮನಿ ಮ್ಯಾಲ ಹೊದಸ್ತಿದ್ರಲ್ಲಾ ಆ ಮುಳಿಹುಲ್ಲು, ಅದನ್ನೂ ಹಿಂಗ ಕೆಸರಾಗ ನಡತಿದ್ರೇನು?’’

ಅವರು ಬಗ್ಗಿ ಕೊಳೆತ ಒಂದು ಬುಡವನ್ನು ಕಿತ್ತು ನೋಡಿದರು. ಆಮೇಲೆ, ‘‘ಮುಳಿಯನ್ನು ಯಾರೂ ನೆಡ್ಲೇ ಇಲ್ಲ ಮಾರಾಯ್ರೆ. ಅದು ಇತ್ತು, ಅಷ್ಟೇ’’ ಎಂದರು.

ಮರುವರ್ಷ ಬದು ಒಡೆದು, ನೀರು ಹರಿದುಹೋಗುವಂತೆ ಇಳಿಜಾರು ಮಾಡಿ, ಗಾರ್ಡ್ ಹೇಳಿದ ಬೀಜವನ್ನು ಮಳೆಗೆ ಮುಂಚೆ ಕೈಯಿಂದ ಎರಚಿದರು. ಗಣಪತಿ ಹಬ್ಬಕ್ಕೆ ಮೊಣಕಾಲೆತ್ತರ ಬಂತು. ದಸರಾ ಹೊತ್ತಿಗೆ ಸೆಕ್ರೆಟರಿ ಅದರ ಹಿಂದೆ ನಿಂತರೆ ಕಾಣುತ್ತಿರಲಿಲ್ಲ. ಅದರಲ್ಲಿ ಕುಸಳ ಎಂಬ ಒಂದು ಜಾತಿಯ ಹುಲ್ಲಿಗೆ ಸೂಜಿಯಂಥ ಬೀಜ. ಹತ್ತಿರ ಹೋದರೆ ಕಾಲುಚೀಲಕ್ಕೂ ಸೀರೆಯ ಅಂಚಿಗೂ ಚುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಜಾಗಿಂಗ್ ಮಾಡುವವರು ಮೆಟ್ಟಿಲ ಮೇಲೆ ಕೂತು ಬೀಜ ಕೀಳುತ್ತ ಶಾಪ ಹಾಕಿದರು. ಅದರ ಮೇಲೆ ಚಿರತೆಯ ಭಯ. ಇದನ್ನೆಲ್ಲ ಕತ್ತರಿಸಿ ಎಂಬ ಮೊದಲ ಅರ್ಜಿ ಆಗ ಬಂತು. ಅಣ್ಣ ಮತ್ತೆ ಗೋಳಿಬಜೆ ತರಿಸಿದರು.

ಆ ಚಳಿಗಾಲದಲ್ಲಿ ಜಿಂಕೆಗಳು ಬರತೊಡಗಿದವು. ಅಲ್ಲೇ ಅಣ್ಣ ಎಡವಿದ್ದು.

ಗಾರ್ಡ್ ನೂರು ಸಲ ಹೇಳಿದ್ದ, ಏನನ್ನೂ ತಿನ್ನಲು ಹಾಕಬೇಡಿ ಎಂದು. ಆದರೆ ಬಂದ ಗಿರಾಕಿಯ ಮುಂದೆ ಏನನ್ನೂ ಇಡದೆ ಸುಮ್ಮನೆ ಕೂರುವುದು ಆ ಜೀವಕ್ಕೆ ಸಾಧ್ಯವೇ? ಹೋಟೆಲಿನ ಅಡುಗೆಮನೆಯಿಂದ ಎಲೆಕೋಸಿನ ಹೊರ ಎಲೆ, ಕ್ಯಾರೆಟ್ ಸೊಪ್ಪು, ಬಾಳೆಹಣ್ಣಿನ ಸಿಪ್ಪೆ ಎಲ್ಲ ಚೀಲದಲ್ಲಿ ರಿಕ್ಷಾ ಹತ್ತಿ ಬಂತು. ಅಣ್ಣ ಹುಲ್ಲಿನ ಅಂಚಿನಲ್ಲಿ ಅದನ್ನು ಬಡಿಸಿದರು. ಬಡಿಸಿದರು ಎಂದೇ ಹೇಳಬೇಕು, ಬಾಳೆ ಎಲೆಯ ಮೇಲೆ, ಒಂದಕ್ಕೊಂದು ತಾಗದ ಹಾಗೆ. ಜಿಂಕೆಗಳು ತಿಂದವು. ಚೀಲಕ್ಕೆ ಹೋಟೆಲಿನ ಸಾಂಬಾರಿನ ವಾಸನೆಯೂ ಅಂಟಿರುತ್ತಿತ್ತಲ್ಲ, ಓಣಿಯ ನಾಯಿಗಳೂ ಬಂದವು. ಬಾಳೆ ಎಲೆ ನೆಕ್ಕಲು ಬಂದ ನಾಯಿಗಳು ಒಂದು ಬೆಳಿಗ್ಗೆ ಹುಲ್ಲಿನೊಳಗೆ ನುಗ್ಗಿ, ನಮಗಾರಿಗೂ ಗೊತ್ತಿಲ್ಲದೆ ಅಲ್ಲಿ ಮಲಗಿದ್ದ ಜಿಂಕೆಮರಿಯನ್ನು ಎಳೆದು ಹಾಕಿದವು.

ನಾವು ಇಳಿದು ಹೋಗುವಷ್ಟರಲ್ಲಿ ಮುಗಿದಿತ್ತು. ಮೈಮೇಲಿನ ಚುಕ್ಕೆಗಳು ಇನ್ನೂ ಒದ್ದೆ. ತಾಯಿ ಗೋಡೆಯಾಚೆ ನಿಂತು ಕೂಗುತ್ತಿತ್ತು. ಅಣ್ಣ ಕಾಲುದಾರಿಯ ಕಲ್ಲಿನ ಮೇಲೆ ಕೂತುಬಿಟ್ಟರು. ‘‘ಇದು ನಾಯಿ ಕೊಂದದ್ದಲ್ಲ. ನಾನು ಬಡಿಸಿ ಕೊಂದದ್ದು’’ ಎಂದರು. ಅಷ್ಟು ವರ್ಷದ ಪರಿಚಯದಲ್ಲಿ ಅವರ ಬಾಯಿಯಿಂದ ತಮಾಷೆ ಹೊರಡದ ದಿನ ಅದೊಂದೇ. ಎಲ್ಲರಿಗೂ ಉಣ್ಣಿ ಉಣ್ಣಿ ಎನ್ನುವವರು ಅಂದು ತಾವೇ ಉಣ್ಣಲಿಲ್ಲ. ಅಕ್ಕ ಬಂದು ಕೈ ಹಿಡಿದು ಎಬ್ಬಿಸಿಕೊಂಡು ಹೋದರು. ನನಗೆ ಅವರನ್ನು ನೋಡಲಾಗಲಿಲ್ಲ.

ಆಮೇಲೆ ಅಣ್ಣ ಹುಲ್ಲಿನ ಹತ್ತಿರ ಒಂದು ಶೇಂಗಾ ಸಿಪ್ಪೆ ಬೀಳಲೂ ಬಿಡಲಿಲ್ಲ. ವಾಕಿಂಗ್ ಬಂದವರ ಕೈಯಿಂದ ಭೇಲ್‌ಪುರಿಯ ಪೊಟ್ಟಣ ಕಿತ್ತುಕೊಂಡ ಕೀರ್ತಿಯೂ ಅವರದೇ. ನಾಯಿಗಳನ್ನು ಹೊಡೆದು ಓಡಿಸುವ ಮಾತು ಬಂದಾಗ ಮಾತ್ರ ಒಪ್ಪಲಿಲ್ಲ. ಅವಕ್ಕೆ ಮುಂದಿನ ಗೇಟಿನಾಚೆ, ಜಿಂಕೆ ಓಡಾಡುವ ಹೊತ್ತಿಗೆ ಸರಿಯಾಗಿ, ಅನ್ನ ಹಾಕಿಸತೊಡಗಿದರು. ‘‘ನಾಯಿಗಳಿಗೆ ಬೇರೆ ಬ್ರಾಂಚ್ ಓಪನ್ ಮಾಡಿದ್ದೇನೆ’’ ಎಂದರು. ಗೋಡೆ ಒಡೆದ ಜಾಗವನ್ನು ಬಿಟ್ಟು ಹುಲ್ಲಿನ ಸುತ್ತ ಉಳಿದ ಕಡೆಗೆಲ್ಲ ಜಾಲರಿ ಹಾಕಿಸಿದರು. ತಾವೂ ಒಳಗೆ ಹೋಗುವುದನ್ನು ನಿಲ್ಲಿಸಿದರು.

ಅದೇ ಅವರಿಗೆ ಅತಿ ಕಷ್ಟದ ಕೆಲಸ. ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತು ಹುಲ್ಲು ನೋಡುವುದು, ಅಷ್ಟೇ. ‘‘ಗಲ್ಲೆಯಲ್ಲಿ ಕೂತವನಿಗೆ ಒಮ್ಮೆ ಮಾಣಿಯನ್ನಾದ್ರೂ ಬೈಯ್ಲಿಕ್ಕೆ ಉಂಟು. ಇಲ್ಲಿ ಬೈಯ್ಲಿಕ್ಕೂ ಯಾರಿಲ್ಲ’’ ಎಂದು ಗೊಣಗುತ್ತ ನನ್ನನ್ನು ಬೈಯುತ್ತಿದ್ದರು. ಒಂದು ಮಳೆಗಾಲ ಪೂರ್ತಿ ಒಂದೇ ಒಂದು ಜಿಂಕೆ ಬರಲಿಲ್ಲ. ಸಭೆಯಲ್ಲಿ ಸೆಕ್ರೆಟರಿ ಕೇಳಿದ, ‘‘ಅಂಕಲ್, ರಿಸಲ್ಟ್ ಏನೂ ಕಾಣಿಸ್ತಿಲ್ವಲ್ಲ?’’ ಆ ಸಲದ ಗೋಳಿಬಜೆಗೂ ಮೊದಲಿನ ಶಕ್ತಿ ಇರಲಿಲ್ಲ. ಇನ್ನೊಂದು ವರ್ಷ, ಆಮೇಲೆ ಕತ್ತರಿಸುವುದೇ ಎಂದು ತೀರ್ಮಾನವಾಯಿತು. ಅಕ್ಕನೂ ನಗುತ್ತಿದ್ದರು, ‘‘ಮನೆಯ ತುಳಸಿಗೆ ಒಂದು ಚೊಂಬು ನೀರು ಹಾಕದವರು ಕಾಡು ಬೆಳೆಸ್ತಾರಂತೆ.’’

ಆ ‘ಇನ್ನೊಂದು ವರ್ಷ’ ಮುಗಿಯುತ್ತ ಬಂದಿತ್ತು. ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಅಣ್ಣ ಫೋನ್ ಮಾಡಿದರು. ಕೂಗಲಿಲ್ಲ, ಫೋನ್ ಮಾಡಿದರು. ಅದರಲ್ಲೂ ಪಿಸುಮಾತು. ಇಳಿದು ಹೋದೆ. ಒಂದು ಹೆಣ್ಣು ಜಿಂಕೆ ಗೋಡೆಯ ಸಂದಿಯಿಂದ ಬಂದು, ಅತ್ತಿತ್ತ ನೋಡಿ, ಹುಲ್ಲಿನ ಒಂದೇ ಜಾಗದಲ್ಲಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಒಂಟಿಯಾಗಿ ಹೊರಗೆ ಬಂದು ಹೊರಟುಹೋಯಿತು. ಸಂಜೆಯೂ ಹಾಗೆಯೇ, ಮರುದಿನವೂ ಹಾಗೆಯೇ. ಮರಿ ನಮಗೆ ಕಾಣಲಿಲ್ಲ. ಕಾಣಬಾರದೆಂದೇ ಅಷ್ಟೆಲ್ಲ ಪಾಡು ಪಟ್ಟದ್ದು.

‘‘ಹೋಗಿ ನೋಡೂಣೇನ್ರಿ?’’ ಎಂದೆ.

‘‘ಪರದೆ ಎಳೆದಿದೆ ಮಾರಾಯ್ರೆ. ನಾಚಿಕೆ ಇಲ್ವಾ ನಿಮಗೆ?’’

ಅವರ ಕಣ್ಣು ತುಂಬಿತ್ತು. ಒಂದು ವಾರವೂ ಆಗಿರಲಿಕ್ಕಿಲ್ಲ, ಮಧ್ಯಾಹ್ನ ಊಟ ಮಾಡಿ ಅದೇ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ.

ಕರಾವಳಿಯವರಲ್ಲಿ ಸತ್ತವರ ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತಾರೆ. ಅಣ್ಣನ ಬೊಜ್ಜ ಎಂದರೆ ಕಳವಾದಿಂದ ಕಲ್ಯಾಣದವರೆಗಿನ ಹೋಟೆಲಿನವರೆಲ್ಲ ಬರುತ್ತಾರೆ. ಅಷ್ಟು ಜನರನ್ನು ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಲು ಜಾಗ ಬೇಕು. ಅಣ್ಣನ ತಮ್ಮ ಬಾಲ್ಕನಿಯಿಂದ ಕೆಳಗೆ ನೋಡಿ, ಶಾಮಿಯಾನ ಅಲ್ಲೇ ಹಾಕುವ ಎಂದರು. ಅಣ್ಣ ಪ್ರೀತಿಯಿಂದ ಮಾಡಿದ ಜಾಗ, ಅವರ ಕೊನೆಯ ಊಟ ಅಲ್ಲೇ ಆದರೆ ಆತ್ಮಕ್ಕೆ ಶಾಂತಿ ಎಂಬುದು ಅವರ ಲೆಕ್ಕ. ಸೆಕ್ರೆಟರಿ ಒಂದೇ ಉಸಿರಿಗೆ ಒಪ್ಪಿದ. ‘‘ಖಂಡಿತ ಸರ್, ಅಂಕಲ್‌ಗೆ ಅದು ಟ್ರಿಬ್ಯೂಟ್ ಥರ ಇರತ್ತೆ. ಹೇಗೂ ಕತ್ತರಿಸೋದೇ ಇತ್ತಲ್ಲ.’’ ಇಷ್ಟು ದಿನ ಹುಲ್ಲು ಕತ್ತರಿಸಬೇಕೆಂದವರಿಗೆಲ್ಲ ಈಗ ಪುಣ್ಯದ ಕಾರಣ ಸಿಕ್ಕಿತ್ತು. ಒಳಗೆ ಮರಿ ಇದೆಯಲ್ರಿ ಎಂದು ನಾನು ಹೇಳಿದೆ. ‘‘ಯಾರಾದ್ರೂ ನೋಡಿದ್ದೀರಾ?’’ ಎಂದು ಅಣ್ಣನ ತಮ್ಮ ಕೇಳಿದರು. ನೋಡಿದವರು ಯಾರೂ ಇರಲಿಲ್ಲ.

ಬೊಜ್ಜಕ್ಕೆ ಎರಡು ದಿನ ಇರುವಾಗ ಹುಲ್ಲು ಕತ್ತರಿಸುವ ಯಂತ್ರ ಬಂತು. ಗೇಟಿನ ಬಳಿ ಅದು ಗುರ್ ಎನ್ನುತ್ತಿದ್ದಂತೆ ಮೆಟ್ಟಿಲಿಳಿದು ಅಕ್ಕ ಬಂದರು. ನಮಗೆಲ್ಲ ಕಸಿವಿಸಿಯಾಯಿತು. ಅವರಲ್ಲಿ ಸಾವಿನ ಮೈಲಿಗೆಗೆ ಸೂತಕ, ಹೆರಿಗೆಯ ಮೈಲಿಗೆಗೆ ಅಮೆ. ಎರಡರಲ್ಲೂ ಆ ಮನೆಯವರು ಹೊರಗೆ ಬೆರೆಯುವುದಿಲ್ಲ, ಹೊರಗಿನವರು ಆ ಮನೆಯ ಒಳಗೆ ಹೋಗುವುದಿಲ್ಲ. ಗಂಡ ತೀರಿಕೊಂಡ ಹೆಂಗಸು ಬೊಜ್ಜಕ್ಕೆ ಮೊದಲು ಹೊಸ್ತಿಲು ದಾಟಿ ಬೀದಿಗೆ ಬಂದದ್ದನ್ನು ಕಂಡು ಮೈದುನ ಗಾಬರಿಯಾದರು. ‘‘ಅತ್ತಿಗೆ, ನೀವು ಯಾಕೆ ಬಂದದ್ದು? ಸೂತಕ ಉಂಟಲ್ಲ!’’

ಅಕ್ಕ ಯಂತ್ರದ ಮುಂದೆ ಬಂದು ನಿಂತರು. ಯಂತ್ರದವನು ತಾನಾಗಿ ಅದನ್ನು ಆರಿಸಿದ.

‘‘ನಮ್ಮದು ಸೂತಕ’’ ಎಂದರು ಅಕ್ಕ. ‘‘ಅವಳದ್ದು ಅಮೆ. ನಮ್ಮ ಸೂತಕ ನಾಡಿದ್ದಿಗೆ ಮುಗೀತದೆ. ಅವಳ ಅಮೆ ಮುಗೀಲಿಲ್ಲ. ಬಾಣಂತಿಯನ್ನು ಎಬ್ಬಿಸಿ, ಅವಳ ಕೋಣೆಯಲ್ಲಿ ಎಲೆ ಹಾಕಿ ಉಣ್ಣುವವರು ನೀವು ಯಾವ ಊರಿನವರು?’’

ಮೈದುನ ಯಂತ್ರದವನಿಗೆ ಹಿಂದೆ ಸರಿಯಲು ಕೈಸನ್ನೆ ಮಾಡಿದರು. ಸೆಕ್ರೆಟರಿ ಮೆಲ್ಲನೆ ಕೇಳಿದ, ‘‘ಆಂಟಿ, ಹಾಗಾದ್ರೆ ಊಟ ಎಲ್ಲಿ?’’

‘‘ಕಾರು ನಿಲ್ಲಿಸ್ತೀರಲ್ಲ, ಅಲ್ಲಿ.’’

‘‘ಅಲ್ಲಿ ಕೂರೋಕೆ ಜಾಗ ಇಲ್ವಲ್ಲ ಆಂಟಿ.’’

‘‘ನಿಂತು ಉಣ್ಣಿ. ಅವರಿಗೆ ಬೇಕಾದ್ರೆ ಮೇಲಿಂದ ಬೈಯ್ಲಿ.’’

ಹಾಗೆ ಅಣ್ಣನ ಬೊಜ್ಜದ ಊಟ ಕಾರ್ ಪಾರ್ಕಿಂಗಿನಲ್ಲಿ ಆಯಿತು. ಕಳವಾ, ಡೊಂಬಿವಲಿ, ಕಲ್ಯಾಣ ಎಲ್ಲ ಕಡೆಯಿಂದ ಬಂದ ಜನ ಕಾರುಗಳ ನಡುವೆ ತಟ್ಟೆ ಹಿಡಿದು ನಿಂತರು. ಕಂಬದ ಆಚೆಗೆ ಹುಲ್ಲು ನಿಂತಿತ್ತು. ಬಡಿಸುವವನೊಬ್ಬ ಅಭ್ಯಾಸಬಲದಿಂದ ‘‘ಸಾರು, ಸಾರು’’ ಎಂದು ಕೂಗಿದ. ಅಕ್ಕ ಒಮ್ಮೆ ತಿರುಗಿ ನೋಡಿದರು, ಅಷ್ಟೇ. ಅಲ್ಲಿಂದ ಮುಂದೆ ಅಷ್ಟೂ ಜನ, ಬಾಣಂತಿ ಮಲಗಿದ ಮನೆಗೆ ಬಂದವರ ಹಾಗೆ, ಪಿಸುಗುಟ್ಟುತ್ತ ಅನ್ನ ಕೇಳಿದರು, ಪಿಸುಗುಟ್ಟುತ್ತ ಪಾಯಸ ಹಾಕಿಸಿಕೊಂಡರು. ಜೀವನವಿಡೀ ಗಲ್ಲೆಯಿಂದ ಕೂಗಿ ಕೂಗಿಯೇ ಬದುಕಿದ ಹೋಟೆಲಿನವರು ಅವರೆಲ್ಲ. ಅವರ ಆ ಪಿಸುಮಾತು ಕೇಳುತ್ತ, ತಟ್ಟೆ ಹಿಡಿದುಕೊಂಡೇ, ನಾನು ಅತ್ತೆ.